ಏಕವಚನ

ಕೈ ತಡವಾಯಿತೋ, ತಾನೇ ತಡ ಮಾಡಿದನೋ? ಹಾಲಿನ ಪಾಕೀಟಿನ ಮೂಲೆ ಕತ್ತರಿಸಿ ಪಾತೇಲಿಗೆ ಸುರಿಯುತ್ತಿದ್ದ ಪ್ರಲ್ಹಾದನಿಗೆ ಇವತ್ತೂ ಅದೊಂದು ತಿಳಿಯಲಿಲ್ಲ. ತಡವಾಯಿತು ಎಂದರೆ ಅದು ಕೈಯ ದೋಷ. ಅರವತ್ತರ ಹತ್ತಿರ ಬಂದ ಕೈ, ಗಾಬರಿಬಿದ್ದ ಕೈ. ಅದನ್ನು ಯಾರೂ ದೂರುವುದಿಲ್ಲ. ತಡ ಮಾಡಿದ್ದೇ ನಿಜವಾದರೆ? ಆ ರವಿವಾರ ಮಧ್ಯಾಹ್ನ ಹೆಂಡತಿ ವರದಾ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಏನೋ ಹೇಳುತ್ತಿದ್ದವಳು ಮಾತಿನ ನಡುವೆಯೇ ನಿಂತಳು. ಬಲಗೈ ಸೆರಗಿನ ಅಂಚನ್ನು ಚಿವುಟತೊಡಗಿತು. ಬಾಯಿ, ಬಾಯೊಳಗಿಲ್ಲದ ಎಲೆಯಡಿಕೆಯನ್ನು ಮೆಲ್ಲತೊಡಗಿತು. ಇಷ್ಟು ವರ್ಷ ನೋಡಿದವನಿಗೆ ಅಷ್ಟು ಸಾಕು. ಫಿಟ್ಸ್ ತಡೆಯಲೆಂದು ಡಾಕ್ಟರು ಕೊಟ್ಟ ಆಯಸ್ಕಾಂತ ಅವನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದದ್ದು ನೆನಪಿದೆ, ಅದರ ತಣ್ಣನೆಯ ಭಾರ ಅಂಗೈಯಲ್ಲಿ ಕೂತದ್ದು ನೆನಪಿದೆ, ಅವಳ ಎದೆಯ ಮೇಲೆ ಅದನ್ನು ಸವರಿದ್ದೂ ನೆನಪಿದೆ. ಆದರೆ ನಡುವೆ ಏನೋ ಇತ್ತು. ಕೆಳಗೆ ರದ್ದಿ ಪೇಪರಿನವನು ಕೂಗುತ್ತ ಬಂದ. ಆ ಕೂಗು ಓಣಿಯ ಆ ತುದಿಯಿಂದ ಈ ತುದಿಗೆ ಬಂದು ಮುಟ್ಟುವ ತನಕ ಪ್ರಲ್ಹಾದ ಆಯಸ್ಕಾಂತ ಹಿಡಿದುಕೊಂಡು, ಕೈಯಳತೆಯಲ್ಲೇ ಇದ್ದ ಹೆಂಡತಿಯನ್ನು ನೋಡುತ್ತ ಕೂತಿದ್ದ. ಅಷ್ಟರಲ್ಲಿ ಬಾಯಿಯ ಮೆಲುಕು ಮುಖಕ್ಕೇರಿ, ತೋಳಿಗಿಳಿದು, ಅವಳು ಸೊಪ್ಪಿನ ಮೇಲೆಯೇ ವಾಲಿ ಮೈಯೆಲ್ಲ ಸೆಟೆದು ಅದುರತೊಡಗಿದಳು. ನಾಲಿಗೆ ಹಲ್ಲಿಗೆ ಸಿಕ್ಕಿತು. ಆಮೇಲೆ ಎಷ್ಟೋ ದಿನ ಅವಳು ಖಾರ ಮುಟ್ಟುವಂತಿರಲಿಲ್ಲ. ಒಗ್ಗರಣೆಯನ್ನೂ ಹಾಕದೆ ಮೊಸರನ್ನ ಕಲಸಿ ಅವನೇ ಕೊಟ್ಟ. ಅವಳು ಪ್ರತಿ ಸಲವೂ, ಭಾಳ ಛಂದ ಆಗೇದ್ರಿ ಎಂದು ಹೊಗಳಿ ಉಂಡಳು.

ಅಂದು ಸಂಜೆ ಪುಣೆಯದೇ ಇನ್ನೊಂದು ಬದಿಯ ಖರಾಡಿಯಿಂದ ಮಗಳು ಪ್ರಣೀತಾ ಫೋನು ಮಾಡಿ, ಮ್ಯಾಗ್ನೆಟ್ ಹಚ್ಚಿದಿರೇನು ಅಪ್ಪಾ ಎಂದು ಕೇಳಿದಳು. ಹಚ್ಚಿದೆ, ನಿಲ್ಲಲಿಲ್ಲ ಎಂದ. ಎರಡೂ ನಿಜ. ಒಂದರ ಪಕ್ಕ ಒಂದು ಇಟ್ಟ ಕೂಡಲೇ ಅವೆರಡೂ ಸೇರಿ ಸುಳ್ಳಾದದ್ದು ಅವನಿಗೆ ಫೋನು ಕೆಳಗಿಟ್ಟ ಮೇಲೆ ಹೊಳೆಯಿತು. ಅಷ್ಟರಲ್ಲಿ ಪ್ರಣೀತಾ ಅದನ್ನು ಡಾಕ್ಟರಿಗೆ ವಾಟ್ಸಾಪಿನಲ್ಲಿ ತಿಳಿಸಿಯಾಗಿತ್ತು. ಆಯಸ್ಕಾಂತಕ್ಕೂ ಫಿಟ್ಸ್ ನಿಲ್ಲದಿದ್ದರೆ ಯಂತ್ರದ ಕರೆಂಟು ಸಾಲುತ್ತಿಲ್ಲ ಎಂದೇ ಅರ್ಥ, ಕರೆದುಕೊಂಡು ಬನ್ನಿ, ಏರಿಸೋಣ ಎಂದು ಡಾಕ್ಟರು ಉತ್ತರ ಬರೆದಿದ್ದರು. ಹೀಗೆ ಅವನ ಕೈಯಲ್ಲಿದ್ದ ಒಂದು ಬಿಡುವು ಯಂತ್ರದ ಕೊರತೆಯಾಗಿ, ಹೆಂಡತಿಯ ಕುತ್ತಿಗೆಯ ನರಕ್ಕೆ ಹೆಚ್ಚಿನ ಕರೆಂಟಾಗಿ ಮಾರ್ಪಟ್ಟಿತ್ತು. ಇವತ್ತು ಅದನ್ನು ಏರಿಸುವ ದಿನ. ಕುರಕುಂಭದ ಕಾರ್ಖಾನೆಗೆ ರಜೆ ಹೇಳಿದ್ದ. ಹಡಪಸರದ ಮೂಲೆಯಿಂದ ಕಂಪನಿಯ ಬಸ್ಸು ಹೋಗುವ ಹೊತ್ತಿಗೆ ಗ್ಯಾಲರಿಯಲ್ಲಿ ನಿಂತು ಅದು ಹೋದದ್ದನ್ನು ನೋಡಿದ. ಬಸ್ಸಿನಲ್ಲಿ ಅವನ ಸೀಟಿನ ಮೇಲೆ ಯಾರಾದರೂ ಚೀಲ ಇಟ್ಟಿರಬಹುದು.

ಯಂತ್ರ ಎಂದರೆ ದೊಡ್ಡದೇನಲ್ಲ. ಗುಳಿಗೆಗಳೆಲ್ಲ ಸೋತು, ತಲೆ ತೆರೆಯುವ ಆಪರೇಷನ್ನು ಇವರಿಗೆ ಹೊಂದುವುದಿಲ್ಲವೆಂದು ಹೇಳಿಸಿಕೊಂಡ ಮೇಲೆ, ಹೋದ ಮಳೆಗಾಲದಲ್ಲಿ ವರದಾಳ ಎಡ ಎದೆಯ ಮೇಲ್ಭಾಗದಲ್ಲಿ ಚರ್ಮದ ಅಡಿಗೆ ಇಟ್ಟ ಒಂದು ಬಿಲ್ಲೆ. ಅದರಿಂದ ಹೊರಟ ತಂತಿ ಕುತ್ತಿಗೆಯ ಒಂದು ನರಕ್ಕೆ ಸುತ್ತಿಕೊಂಡಿದೆ. ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಅದು ನರವನ್ನು ಮಿಡಿಯುತ್ತದೆ. ಮಿಡಿತ ಮಿದುಳಿಗೆ ಹೋಗಿ ಅಲ್ಲಿಯ ಗದ್ದಲವನ್ನು ಸಮಾಧಾನ ಮಾಡುತ್ತದಂತೆ. ಫಿಟ್ಸ್ ಬರುವ ಸೂಚನೆ ಕಂಡರೆ ಬಿಲ್ಲೆಯ ಮೇಲೆ ಆಯಸ್ಕಾಂತ ಸವರಬೇಕು, ಆಗ ಅದು ಸರದಿ ಕಾಯದೆ ಆ ಕ್ಷಣವೇ ಮಿಡಿಯುತ್ತದೆ. ನರದ ಹೆಸರು ವೇಗಸ್. ಮಿದುಳಿನಿಂದ ಹೊರಟು ಗಂಟಲು, ಎದೆ, ಹೊಟ್ಟೆ ಎಂದು ಎಲ್ಲ ಕಡೆ ಹಾಯುವುದರಿಂದ ಅಲೆಮಾರಿ ಎಂಬ ಅರ್ಥದ ಹೆಸರು ಎಂದು ಡಾಕ್ಟರು ವಿವರಿಸಿದಾಗ ವರದಾ, ನಮ್ಮ ಗದಗಿನ ಮಾವನ ಹಂಗ, ಎಲ್ಲಾರ ಮನೀಗೂ ಹೋಗತದ, ಎಲ್ಲೂ ಊಟಕ್ಕ ಕೂಡೂದಿಲ್ಲ ಎಂದು ಅವನ ಕಿವಿಯಲ್ಲಿ ಹೇಳಿದ್ದಳು. ಆದರೆ ಆ ಅಲೆಮಾರಿಯ ಒಂದು ಕವಲು ಧ್ವನಿಪೆಟ್ಟಿಗೆಗೂ ಹೋಗುತ್ತದೆ. ಹೀಗಾಗಿ ಯಂತ್ರ ಮಿಡಿಯುವ ಅರ್ಧ ನಿಮಿಷ ಅವಳ ದನಿ ಒಡೆದು ಗೊಗ್ಗರಾಗುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ತನ್ನ ಎಂದಿನ ತೆಳು ದನಿಯಲ್ಲಿ ಹೇಳಲು ತೊಡಗಿದವಳು ಉಪ್ಪಿನ ಹತ್ತಿರ ಬರುವಾಗ ಯಾರೋ ಮುದುಕನಂತೆ ಮಾತಾಡುತ್ತಾಳೆ. ಡಾಕ್ಟರ ಅಡ್ಡಹೆಸರು ಗೋಡಬೋಲೆ. ಗೋಡ ಬೋಲೆ ಅಂದ್ರ ಸಿಹಿ ಮಾತಾಡಾಕಿ, ತಾ ಸಿಹಿ ಇಟಗೊಂಡು ನನಗ ಕಹಿ ಕೊಟ್ಟಾಳ ನೋಡ್ರಿ ಎಂಬುದು ಅವಳ ಖಾಯಂ ನಗೆಮಾತು. ವರದಾಳ ಧಾರವಾಡದ ಅಕ್ಕ ಕೃಷ್ಣಾಬಾಯಿಗೆ ಮೊದಲೇ ಕಿವಿ ಮಂದ. ಆಪರೇಷನ್ನಿನ ಮೇಲೆ ಮೊದಲ ಸಲ ಫೋನಿನಲ್ಲಿ ಈ ದನಿ ಕೇಳಿ, ಪ್ರಲ್ಹಾದರಾಯರ, ಫೋನ್ ವರದಾನ ಕೈಯಾಗ ಕೊಡ್ರಿ ಎಂದು ಹಟ ಹಿಡಿದಿದ್ದರು. ನಾನೇ ವರದಾ ಅಕ್ಕಾ ಎಂದು ಅವಳು ಎಷ್ಟು ಹೇಳಿದರೂ ಒಪ್ಪದೆ, ಚ್ಯಾಷ್ಟಿ ಸಾಕ್ರಿ ಎಂದು ಬೈದು ಇಟ್ಟುಬಿಟ್ಟಿದ್ದರು. ಆ ದಿನ ವರದಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನಕ್ಕದ್ದು ನಿಂತ ಮೇಲೂ ನೀರು ಇತ್ತು. ದಿನಾ ಮಧ್ಯಾಹ್ನ ಅಕ್ಕನ ಜೊತೆ ನಡೆಯುತ್ತಿದ್ದ ಒಂದು ತಾಸಿನ ಫೋನು ಈಗ ಎರಡು ಮಾತಿಗೆ ಇಳಿದಿದೆ; ದನಿ ಒಡೆಯುವುದರೊಳಗೆ, ಇಡತೀನಿ ಅಕ್ಕಾ ಎಂದು ಮುಗಿಸುತ್ತಾಳೆ.

ಚಹಾ ಕೊಟ್ಟಾಗ ಅವಳು ಕನ್ನಡಿಯ ಮುಂದೆ ಕೂತು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಕನ್ನಡಿಯೊಳಗಿಂದಲೇ ಅವನನ್ನು ನೋಡಿ ಕೇಳಿದಳು.

"ಏರಿಸಿದ್ರ ಇದ್ದ ದನೀನೂ ಹೋಗತದೇನ್ರಿ?"

"ಹೋಗೂದಿಲ್ಲ. ಹೊಂದಿಕೋತದ ಅಂದಾರಲ್ಲ."

"ಹೊಂದಿಕೋತದ," ಎಂದಳು ಅವಳು. "ಹೊಂದಿಕೊಳ್ಳೂದು ನಂಗ ಬರತದ ಬಿಡ್ರಿ. ನಿಮ್ಮ ಜೋಡಿ ಹೊಂದಿಕೊಂಡಾಕಿ." ಕುಂಕುಮದ ಬಟ್ಟಲು ಮುಚ್ಚುತ್ತ, "ನೀವು ಏನಂತೀರಿ ಅದ. ಬ್ಯಾಡ ಅಂದ್ರ ಬ್ಯಾಡ ಅಂತ ಹೇಳೂಣು. ನಾ ಅಂತೂ ನಿಮ್ಮ ಕಡೆ ಬೊಟ್ಟ ಮಾಡಾಕಿ," ಎಂದಳು.

ಬೇಡ ಎಂದು ತಾನು ಹೇಳಿದರೆ ಅದು ಅವಳ ದನಿಗಾಗಿ ಹೇಳಿದಂತೆ ಕಾಣುತ್ತದೆ. ಆದರೆ ಅದು ದನಿಗಾಗಿಯೇ ಎಂದು ಪ್ರಲ್ಹಾದ ತನಗೆ ತಾನು ಆಣೆ ಮಾಡಿ ಹೇಳಲಾರ. ಅವನಿಗೆ ಬೇಕಾದದ್ದೊಂದಿತ್ತು. ಅದು ಅವಳ ರೋಗದೊಳಗಿತ್ತು. ಫಿಟ್ಸ್ ಪೂರ್ತಿ ಏರಿ ಇಳಿದ ಮೇಲೆ, ಎಚ್ಚರ ಬರುವ ಮುಂಚೆ, ಅವಳು ಎಲ್ಲಿಯೂ ಇಲ್ಲದ ಒಂದು ಹೊತ್ತು ಇರುತ್ತದೆ. ಕಣ್ಣು ತೆರೆದಿರುತ್ತವೆ, ಮನೆ ಯಾವುದು, ಊರು ಯಾವುದು ಎಂಬುದು ತಿಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಅವಳು ಅವನನ್ನು ಹೆಸರು ಹಿಡಿದು ಕರೆಯುತ್ತಾಳೆ. ಪ್ರಲ್ಹಾದಾ. ರಾಯರೂ ಇಲ್ಲ, ರೀ ಇಲ್ಲ. ಸಂಜೆ ಆಟಕ್ಕೆ ಹೋದ ಹುಡುಗನನ್ನು ಕಟ್ಟೆಯ ಮೇಲೆ ನಿಂತು ಕರೆಯುವ ಹಾಗೆ, ಕೊನೆಯ ಅಕ್ಷರ ಎಳೆದು ಕರೆಯುತ್ತಾಳೆ. ಪ್ರಲ್ಹಾದಾ, ಎಲ್ಲಿ ಹೋಗಿದ್ದ್ಯೋ, ಒಳಗ ಬಾ. ಬಂದೆ ಎಂದು ಅವನು ಅನ್ನುತ್ತಾನೆ. ಅವಳು ಅವನ ಕಿವಿ, ಗದ್ದ ಮುಟ್ಟಿ ನೋಡಿ, ಹಸಿವ್ಯಾಗೇದೇನೋ ಎಂದು ಕೇಳುತ್ತಾಳೆ. ಆಮೇಲೆ ನಿದ್ದೆ ಹೋಗುತ್ತಾಳೆ. ಎದ್ದವಳು ಹೆಂಡತಿಯಾಗಿ ಎದ್ದು, ಏನ್ರೀ, ಗ್ಯಾಸ್ ಆರಿಸಿದಿರೇನು ಎಂದು ಕೇಳುತ್ತಾಳೆ.

ಎಚ್ಚರವಿದ್ದಾಗ ಅವಳು ಅವನ ಹೆಸರು ಹೇಳಿದವಳಲ್ಲ. ಅವರ ಕಡೆ ಹೆಂಗಸರು ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ಮದುವೆಯಲ್ಲಿ ಒಡಪು ಹಾಕಿ ಹೆಸರು ಹೇಳು ಎಂದು ಹೆಣ್ಣುಮಕ್ಕಳೆಲ್ಲ ಬಾಗಿಲು ಅಡ್ಡಗಟ್ಟಿದ್ದಾಗ, ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು, ಪ್ರಲ್ಹಾದರಾಯರ ಹೆಸರು ನನ್ನ ಹಣೆಯ ಪಾಲು ಎಂದು ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದ್ದಳು. ಅಲ್ಲಿಯೂ ರಾಯರು ಇದ್ದರು. ಬ್ಯಾಂಕಿನಲ್ಲಿ ಕಾರಕೂನ ಗಂಡನ ಹೆಸರು ಕೇಳಿದರೆ ಇವನ ಕಡೆ ಬೊಟ್ಟು ಮಾಡಿ, ಇವರನ್ನೇ ಕೇಳ್ರಿ ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು. ಪ್ರಲ್ಹಾದನ ತಾಯಿ ತೀರಿಕೊಂಡ ಮೇಲೆ ಅವನಿಗೆ ಬಾ, ಹೋಗು ಎನ್ನುವ ಬಾಯಿ ಒಂದೂ ಉಳಿದಿರಲಿಲ್ಲ. ಕಾರ್ಖಾನೆಯಲ್ಲಿ ಕೌಲಗಿ ಸಾಹೇಬ, ಸೊಸಾಯಿಟಿಯಲ್ಲಿ ಕೌಲಗಿ ಕಾಕಾ, ಮನೆಯಲ್ಲಿ ರೀ. ಹೆಸರು ಎಂಬುದು ಸಹಿಯಲ್ಲಿ, ಅದೂ ಓದಲಾಗದ ಹಾಗೆ, ಉಳಿದಿತ್ತು. ಮೊದಮೊದಲು ಆ ಕರೆ ಬಂದಾಗ ಅವನಿಗೆ ಹೆದರಿಕೆಯಾಗಿತ್ತು. ಅವಳು ಎದ್ದ ಮೇಲೆ ಹೇಳಬೇಕೆಂದುಕೊಂಡ. ಹೇಳಿದರೆ ನಾಚಿ ಸಾಯುತ್ತಾಳೆ ಎಂದು ಬಿಟ್ಟ. ಆಮೇಲೆ ಯಾವಾಗಲೋ, ಹೇಳಿದರೆ ಅದು ನಿಂತುಹೋದೀತು ಎಂದು ಬಿಟ್ಟ. ಈ ಎರಡು ಬಿಡುವಿಕೆಗಳ ನಡುವೆ ಯಾವ ವರ್ಷ ಗಡಿ ಇತ್ತು ಎಂಬುದು ಅವನಿಗೂ ತಿಳಿಯದು. ಯಂತ್ರ ಬಂದ ಮೇಲೆ ಫಿಟ್ಸ್ ಅಪರೂಪವಾದವು. ಬಂದರೂ ಆಯಸ್ಕಾಂತ ಸವರಿದೊಡನೆ ಹಾದಿಯಲ್ಲೇ ತಿರುಗಿ ಹೋಗುತ್ತಿದ್ದವು, ಅವಳು ಒಮ್ಮೆ ಕೆಮ್ಮಿ, ಏನ್ರೀ, ಬಂದಿತ್ತೇನು ಎಂದು ಪೂರ್ತಿ ಎಚ್ಚರದಲ್ಲಿ ಕೇಳುತ್ತಿದ್ದಳು. ದೇವರೇ, ಇಷ್ಟಾದರೂ ಆಯಿತಲ್ಲ ಎಂದು ಅವನು ಕೈಮುಗಿದದ್ದು ಸುಳ್ಳಲ್ಲ. ಅದೇ ಕೈ ರದ್ದಿಯವನ ಕೂಗು ಹತ್ತಿರ ಬರುವ ತನಕ ಆಯಸ್ಕಾಂತ ಹಿಡಿದು ಸುಮ್ಮನೆ ಕೂತದ್ದೂ ಸುಳ್ಳಲ್ಲ. ಆ ರವಿವಾರ, ತುಟಿಯ ಅಂಚಿಗೆ ರಕ್ತ ಹಚ್ಚಿಕೊಂಡು, ಅವಳು ಕರೆದಳು. ತುಂಬ ದಿನಗಳ ಮೇಲೆ ಕರೆದಳು. ಬಂದೆ ಎಂದು ಅವನು ಉತ್ತರ ಕೊಟ್ಟ. ಆ ಹೊತ್ತಿಗೆ ತನ್ನ ಮನಸ್ಸಿಗೆ ಸಂತೋಷವಾಯಿತೆಂಬುದನ್ನು ಯಾವ ಬಚ್ಚಲಿನಲ್ಲಿ ತೊಳೆದುಕೊಳ್ಳಬೇಕು?

ರಿಕ್ಷಾ ಸೋಲಾಪುರ ರಸ್ತೆಯ ಗದ್ದಲದಲ್ಲಿ ಇಂಚು ಇಂಚಾಗಿ ಸಾಗುತ್ತಿತ್ತು. ವರದಾ ಕುತ್ತಿಗೆಗೆ ಓಢಣಿ ಸುತ್ತಿಕೊಂಡಿದ್ದಳು, ಆಪರೇಷನ್ನಿನ ಗಾಯದ ಗುರುತು ಕಾಣಬಾರದೆಂದು. ದಾರಿಯಲ್ಲಿ ಪ್ರಣೀತಾಳ ಫೋನು ಬಂತು, ಸ್ಪೀಕರಿನಲ್ಲಿಟ್ಟಳು. ಡಾಕ್ಟರಿಗೆ ಕೇಳಬೇಕಾದದ್ದನ್ನೆಲ್ಲ ಮಗಳು ಆಫೀಸಿನ ದನಿಯಲ್ಲಿ ಒಪ್ಪಿಸಿ, ನಡುವೆ ಫೋನಿನಿಂದ ಬಾಯಿ ತೆಗೆದು, ಓಂಕಾರ್, ಗಾಡಿ ಕೀ ಎಲ್ಲಿಟ್ಟಿಯೋ, ನಿನಗ ನೂರ ಸಲ ಹೇಳೇನಿ ಎಂದು ಗಂಡನಿಗೆ ಕೂಗಿದಳು. ಆಚೆಯಿಂದ ಓಂಕಾರ್ ಏನೋ ತಮಾಷೆಯ ಉತ್ತರ ಕೊಟ್ಟ. ವರದಾ ಫೋನು ಇಟ್ಟು, ಈಗಿನ ಹುಡಿಗ್ಯಾರ ನಾಲಿಗಿ ನೋಡ್ರಿ, ಗಂಡನ್ನ ಹೆಸರು ಹಿಡದು ನಾಯಿ ಕರದಂಗ ಕರೀತಾವ ಎಂದಳು. ಸಿಟ್ಟಿನಿಂದ ಅಂದದ್ದಲ್ಲ, ಮಗಳ ಸಂಸಾರದ ಸದ್ದು ಕೇಳಿದ ಸುಖದಲ್ಲಿ ಅಂದದ್ದು. ಅವನು ಹೂಂ ಎಂದ. ಓಂಕಾರನಿಗೆ ತನ್ನ ಹೆಸರು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೋ, ಅದರ ಮೇಲೆ ಗಮನವೂ ಇರಲಿಕ್ಕಿಲ್ಲ. ರಿಕ್ಷಾದವನು ಕನ್ನಡಿಯಲ್ಲಿ ನೋಡಿ, ನೀವು ಮಾತಾಡುವುದು ತೆಲುಗೋ ಎಂದು ಕೇಳಿದ. ಕನ್ನಡ ಎಂದು ಹೇಳಲು ವರದಾ ಬಾಯಿ ತೆರೆದಳು, ಅಷ್ಟರಲ್ಲಿ ಯಂತ್ರ ಮಿಡಿಯಿತು. ಬಂದ ದನಿಗೆ ರಿಕ್ಷಾದವನು ಹಿಂತಿರುಗಿ ನೋಡಿದ. ಅವಳು ಓಢಣಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು ಹೊರಗೆ ನೋಡತೊಡಗಿದಳು. ಪ್ರಲ್ಹಾದ, ಕನ್ನಡ ಎಂದು ಅವಳ ಬದಲಿಗೆ ಹೇಳಿದ. ಒಂದು ಶಬ್ದವನ್ನು ಹೆಂಡತಿಯ ಪರವಾಗಿ ಹೇಳುವುದು ಎಷ್ಟು ಸುಲಭ. ಇವತ್ತು ಕರೆಂಟು ಏರಿಸಿದರೆ ಇನ್ನೂ ಎಷ್ಟು ಶಬ್ದಗಳನ್ನು ಹೀಗೆ ಹೇಳಬೇಕಾಗಬಹುದು. ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದು ತಪ್ಪುತ್ತದೆ. ಹೇಳುವಾಗ ಅವಳು ಪಕ್ಕದಲ್ಲೇ ಇರುತ್ತಾಳೆ. ಯಾಕ ತಡ ಮಾಡಿದ್ರಿ ಎಂದು ಕೇಳುತ್ತಾಳೆ.

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಕಾಯುವ ಬೆಂಚುಗಳು ಅವೇ, ಗೋಡೆಯ ಹಸಿರು ಬಣ್ಣವೂ ಅದೇ. ಈ ಕಾರಿಡಾರಿನ ತುದಿಯ ಕೋಣೆಯಲ್ಲೇ ಕೆಲವು ವರ್ಷಗಳ ಹಿಂದೆ ಅವಳ ತಲೆಗೆಲ್ಲ ತಂತಿ ಅಂಟಿಸಿ, ಎದುರಿಗೆ ವಿಡಿಯೋ ಹಚ್ಚಿ, ರೋಗದ ಮೂಲ ಹಿಡಿಯಲು ಫಿಟ್ಸ್ ಬರಲಿ ಎಂದು ಹಗಲೂರಾತ್ರಿ ಕಾದಿದ್ದರು. ಜೀವಮಾನವೆಲ್ಲ ಬಾರದಿರಲಿ ಎಂದು ಬೇಡಿಕೊಂಡದ್ದನ್ನು ಅಲ್ಲಿ ಬರಲಿ ಎಂದು ಕಾಯುವುದು ವಿಚಿತ್ರವಾಗಿತ್ತು. ಅವನು ಚಹಾಕ್ಕೆಂದು ಕೆಳಗೆ ಹೋದಾಗಲೇ ಬಂತು. ಮರಳಿದಾಗ ಟೆಕ್ನೀಶಿಯನ್ನು ಬಾಗಿಲಲ್ಲೇ ಎದುರಾಗಿ, ಎಲ್ಲ ಸ್ವಚ್ಛವಾಗಿ ರೆಕಾರ್ಡಾಯಿತು ಕಾಕಾ ಎಂದು ಉತ್ಸಾಹದಿಂದ ಹೇಳಿದ. ಆಮೇಲೆ ದನಿ ತಗ್ಗಿಸಿ, "ಪ್ರಲ್ಹಾದ ಕೋಣ? ಮುಲಗಾ ಕಾ?" ಎಂದ. ಪ್ರಲ್ಹಾದ ಯಾರು, ಮಗನೇ ಎಂದು. ಚಹಾದ ಕಪ್ಪು ಹಿಡಿದು ನಿಂತವನು ಹೌದು ಎಂದುಬಿಟ್ಟ. ಅದು ನಾನೇ ಎಂದರೆ ಆ ತರುಣ ನಗುತ್ತಿದ್ದನೋ ಇಲ್ಲವೋ. ಆದರೆ ಬಾಯಿಂದ ಹೌದು ಬಂದಿತ್ತು. ಮುಂದಿನ ಸಲ ಅವನನ್ನೂ ಕರೆದುಕೊಂಡು ಬನ್ನಿ, ಪಾಪ, ತುಂಬ ಕರೆಯುತ್ತಿದ್ದರು ಎಂದು ಟೆಕ್ನೀಶಿಯನ್ನು ಹೇಳಿದ. ಒಳಗೆ ವರದಾ ತಲೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದಳು. ಹುಟ್ಟದೇ ಇದ್ದ ಆ ಮಗನ ಬಗ್ಗೆ ಅವನಿಗೆ ಅಂದು ಅಸೂಯೆಯಂಥದ್ದೇನೋ ಆಗಿತ್ತು. ಇವತ್ತು ಆ ಕೋಣೆಯ ಬಾಗಿಲು ಮುಚ್ಚಿತ್ತು. ಕೌಲಗಿ ಎಂದು ನರ್ಸು ಕೂಗಿದಳು.

ಡಾಕ್ಟರು ವರದಾಳನ್ನು ಹತ್ತಿರದ ಕುರ್ಚಿಯಲ್ಲಿ ಕೂಡಿಸಿಕೊಂಡು, ಅಂಗೈಯಗಲದ ಉಪಕರಣವನ್ನು ಸೀರೆಯ ಮೇಲಿಂದಲೇ ಎದೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ ನೋಡಿದರು. ಮರಾಠಿ ಅವರ ಬಾಯಲ್ಲಿ ನಿಜಕ್ಕೂ ಸಿಹಿಯಾಗಿತ್ತು. ಬ್ಯಾಟರಿ ಚೆನ್ನಾಗಿದೆ, ತಂತಿ ಸರಿಯಾಗಿದೆ ಎಂದರು. ನಾಲಿಗೆ ಮಾಯಿತೇ ಎಂದು ಕೇಳಿ, ಬಾಯಿ ತೆರೆಸಿ ನೋಡಿದರು. ಹೋದ ಸಲದ್ದು ದೊಡ್ಡದಾಯಿತಂತೆ, ಆಯಸ್ಕಾಂತಕ್ಕೂ ಬಗ್ಗಲಿಲ್ಲವಂತೆ, ಆದ್ದರಿಂದ ಒಂದು ಮೆಟ್ಟಿಲು ಏರಿಸುವುದು ಒಳ್ಳೆಯದು, ಗಂಟಲು ಇನ್ನಷ್ಟು ಒರಟಾಗಬಹುದು, ಕೆಲವು ದಿನ ಕೆಮ್ಮು ಬರಬಹುದು ಎಂದು ವಿವರಿಸಿದರು. ವರದಾ ತಲೆಯಾಡಿಸುತ್ತ ಕೇಳಿದಳು. ಕೇಳುತ್ತಿದ್ದಂತೆ ಅವಳ ಕೈ ತಾನಾಗಿ ಗಂಟಲಿಗೆ ಹೋಗಿ ಅಲ್ಲೇ ನಿಂತಿತು. ಆಕಳ ಕರುವಿನ ಕೊರಳ ಗಂಗೆದೊಗಲನ್ನು ಹಿಡಿಯುವ ಹಾಗೆ, ಬಹಳ ಮೃದುವಾಗಿ ಹಿಡಿದುಕೊಂಡಿದ್ದಳು. ನೀವು ಏನನ್ನುತ್ತೀರಿ ಕಾಕಾ ಎಂದು ಡಾಕ್ಟರು ಇವನ ಕಡೆ ನೋಡಿದರು. ವರದಾ ಕೂಡ ನೋಡಿದಳು. ಟ್ಯಾಬ್ಲೆಟ್ಟಿನ ಮೇಲೆ ಡಾಕ್ಟರ ಬೆರಳು ಎತ್ತಿದಂತೆಯೇ ಇತ್ತು.

ಪ್ರಲ್ಹಾದನ ಮರಾಠಿ ಯಾವಾಗಲೂ ನಗೆಪಾಟಲಿನದು. ಗಂಡು ಶಬ್ದ, ಹೆಣ್ಣು ಶಬ್ದ ಅವನಿಗೆ ಎಂದೂ ನೆಟ್ಟಗೆ ಹೊಂದಲಿಲ್ಲ. ಚಹಾ ಬಂದಳು ಎನ್ನುತ್ತಾನೆ, ಬಸ್ಸು ಹೋದನು ಎನ್ನುತ್ತಾನೆ; ಕಂಪನಿಯ ಬಸ್ಸಿನಲ್ಲಿ ಜನ ಬೇಕೆಂದೇ ಅವನನ್ನು ಮಾತಿಗೆ ಎಳೆಯುತ್ತಾರೆ. ಆದರೆ ಈ ಒಂದು ವಾಕ್ಯವನ್ನು ಅವನು ರಿಕ್ಷಾದಲ್ಲಿ ಬರುವಾಗ ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿಕೊಂಡಿದ್ದ. ಕನ್ನಡದಲ್ಲಿ ತಡವಾಯಿತು, ತಡ ಮಾಡಿದೆ ಎಂಬ ಎರಡು ದಾರಿಗಳಿರುವ ಹಾಗೆ ಮರಾಠಿಯಲ್ಲಿಯೂ ಎರಡು ದಾರಿಗಳಿವೆ. ಉಶೀರ್ ಝಾಲಾ ಎಂದರೆ ತಾನಾಗಿ ಆದದ್ದು. ಉಶೀರ್ ಕೇಲಾ ಎಂದರೆ ಮಾಡಿದ್ದು. ಡಾಕ್ಟರ ಬೆರಳಿನ ಕಡೆ ನೋಡುತ್ತ ಹೇಳಿದ.

"ಮ್ಯಾಡಮ್, ಯಂತ್ರದ್ದು ತಪ್ಪಿಲ್ಲ. ಮ್ಯಾಗ್ನೆಟ್ ಕೈಯಲ್ಲಿ ಇತ್ತು. ಮೀ ಉಶೀರ್ ಕೇಲಾ."

ಡಾಕ್ಟರ ಮುಖದ ಮೇಲೆ ಒಂದು ನಗೆ ಹರಡಿತು. ಶಾಲೆಯಲ್ಲಿ ಹುಡುಗನ ಕಾಗುಣಿತ ತಿದ್ದುವ ಅಕ್ಕೋರ ನಗೆ.

"ಉಶೀರ್ ಕೇಲಾ ನಾಹೀ, ಕಾಕಾ," ಎಂದರು ಅವರು. "ಉಶೀರ್ ಝಾಲಾ. ಅಸಂ ಮ್ಹಣಾ."

ಹಾಗೆ ಅನ್ನಿ. ತಡ ಮಾಡಿದೆ ಅಲ್ಲ, ತಡವಾಯಿತು. ಮನೆಯವರಿಗೆ ಹೀಗಾಗುತ್ತದೆ, ಎಷ್ಟೋ ಜನ ಆಯಸ್ಕಾಂತ ಕೈಯಲ್ಲಿ ಹಿಡಿದುಕೊಂಡೇ ಕಲ್ಲಾಗಿ ನಿಂತುಬಿಡುತ್ತಾರೆ, ಅದಕ್ಕೆ ತಪ್ಪು ಎನ್ನುವುದಿಲ್ಲ ಎಂದು ಡಾಕ್ಟರು ಮುಂದುವರಿಸಿದರು. ವರದಾಳಿಗೂ ನಗೆ ಬಂತು. ಪುಣೆಗೆ ಬಂದು ಮೂವತ್ತು ವರ್ಷವಾದರೂ ಇವರ ಮರಾಠಿ ಧಾರವಾಡ ಸ್ಟೇಷನ್ನೇ ಬಿಟ್ಟಿಲ್ಲ ನೋಡ್ರಿ ಮ್ಯಾಡಮ್ ಎಂದು ಶುದ್ಧ ಮರಾಠಿಯಲ್ಲಿ ಹೇಳಿದಳು. ಇಬ್ಬರೂ ಅವನ ಕಡೆ ಕನಿಕರದಿಂದ ನೋಡಿ ನಕ್ಕರು. ನಾಹೀ, ಕೇಲಾ ಎಂದು ಅವನು ಇನ್ನೊಮ್ಮೆ ಅಂದ. ಎಷ್ಟು ಮೆಲ್ಲಗೆ ಅಂದನೆಂದರೆ ಅದು ಒಂದು ಶಬ್ದವನ್ನು ಕಲಿಯುವವನ ಪುನರುಚ್ಚಾರದಂತೆ ಕೇಳಿಸಿತು. ತನ್ನ ಜೀವನದಲ್ಲಿ ಒಂದೇ ಒಂದು ಸಲ ಸರಿಯಾಗಿ ಹೇಳಿದ ಮರಾಠಿಯನ್ನು ಅವರು ತಿದ್ದಿಬಿಟ್ಟಿದ್ದರು.

ಆದರೂ ಅರ್ಧ ಮಾತು ತಲುಪಿತ್ತು. ಎಷ್ಟು ತಡ ಎಂದು ಡಾಕ್ಟರು ಕೇಳಿದರು. ಮೈ ಅದುರಲು ತೊಡಗಿದ ಮೇಲೆ ಸವರಿದೆ ಎಂದ. ಹಾಗಾದರೆ ಯಂತ್ರಕ್ಕೆ ಅವಕಾಶವೇ ಸಿಗಲಿಲ್ಲವಲ್ಲ ಎಂದು ಅವರು ಬೆರಳು ಹಿಂದೆ ತೆಗೆದುಕೊಂಡರು. ಕರೆಂಟು ಇದ್ದಷ್ಟೇ ಇರಲಿ, ಇನ್ನೊಂದು ಋತು ನೋಡೋಣ ಎಂದರು. ಫಿಟ್ಸ್ ಬರುವ ಮುಂಚೆ ನಿಮಗೇ ಏನಾದರೂ ತಿಳಿಯುತ್ತದೆಯೇ ಎಂದು ವರದಾಳನ್ನು ಕೇಳಿದರು. ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಹೊಟ್ಟೆಯಿಂದ ಏನೋ ಮೇಲೇರುತ್ತದೆ, ಆಮೇಲೆ ತಿಳಿಯುವುದಿಲ್ಲ ಎಂದಳು. ಅಷ್ಟು ಹೊತ್ತು ಸಾಕು ಎಂದರು ಡಾಕ್ಟರು. ಆಯಸ್ಕಾಂತವನ್ನು ಇನ್ನು ಮೇಲೆ ಕಾಕಾ ಇಟ್ಟುಕೊಳ್ಳುವುದು ಬೇಡ, ನೀವೇ ಮಣಿಕಟ್ಟಿಗೆ ಕಟ್ಟಿಕೊಳ್ಳಿ, ವಾಸನೆ ಬಂದೊಡನೆ ನೀವೇ ಸವರಿಕೊಳ್ಳಿ. ಕಾಕಾರಿಗೂ ಭಾರ ತಪ್ಪುತ್ತದೆ. ಹೌದು ಎಂದು ಪ್ರಲ್ಹಾದ ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಇಟ್ಟ. ಮೇಜಿನ ಕಬ್ಬಿಣದ ಅಂಚಿಗೆ ಅದು ಟಕ್ಕೆಂದು ಅಂಟಿಕೊಂಡಿತು, ಬಿಡಿಸಿ ಕೊಡಬೇಕಾಯಿತು.

ಹೊರಗೆ, ಆಸ್ಪತ್ರೆಯ ಗೇಟಿನ ಪಕ್ಕದ ಬೇವಿನ ಮರಕ್ಕೆ ಕಟ್ಟೆ ಕಟ್ಟಿದ್ದರು. ರಿಕ್ಷಾ ಸಿಗುವ ತನಕ ಕೂಡೋಣ ಎಂದಳು. ಬಿಸಿಲು ಅಷ್ಟಾಗಿ ಇರಲಿಲ್ಲ. ಕಟ್ಟೆಯ ಆ ಬದಿಗೆ ಒಬ್ಬ ಅಜ್ಜ ತನ್ನ ಎಕ್ಸ್‌ರೇಯನ್ನು ಆಕಾಶಕ್ಕೆ ಹಿಡಿದು ನೋಡುತ್ತಿದ್ದ. ಹಗುರಾತು ನೋಡ್ರಿ ಎಂದು ವರದಾ ಕಾಲು ಅಲ್ಲಾಡಿಸಿದಳು. ನೀವು ಹೇಳಿದ್ದು ಭಾಳ ಚಲೋ ಆತು, ಹೇಳಬೇಕಂತ ಎಷ್ಟು ಒಳಗೊಳಗ ಬೆಂದಿದ್ರೋ ಏನೋ, ನಂಗ ಮೊದಲ ಹೇಳಿದ್ರ ನಾನೇನು ನುಂಗತಿದ್ದೆನೇನು, ಕೈ ನಡಗೂದು ಪಾಪ ಅಲ್ಲ ಎಂದಳು. ಅವಳು ಪರ್ಸಿನಿಂದ, ಡಾಕ್ಟರು ಆಯಸ್ಕಾಂತ ಕೂಡಿಸಿ ಕೊಟ್ಟಿದ್ದ ಪಟ್ಟಿ ತೆಗೆದು, ಹಸಿರು ಬಳೆಗಳನ್ನು ಮೇಲೆ ಸರಿಸಿ, ಮಣಿಕಟ್ಟು ಮುಂದೆ ಚಾಚಿದಳು. ಕಟ್ರಿ ಎಂದಳು. ಅವನು ಕಟ್ಟಿದ. ಪಟ್ಟಿಯ ಮೊದಲ ತೂತು ಸಡಿಲಾಯಿತು, ಮುಂದಿನದು ಬಿಗಿಯಾಯಿತು. ಬಿಗಿದದ್ದನ್ನು ಬಿಚ್ಚಿ ಮತ್ತೆ ಸಡಿಲಿನದಕ್ಕೇ ಹಾಕಿದ. ಚರ್ಮದ ಕೆಳಗೆ ನಾಡಿ ಅವನ ಬೆರಳಿಗೆ ಹತ್ತುತ್ತಿತ್ತು. ಕೈ ನಡುಗುತ್ತಿರಲಿಲ್ಲ. ಅವಳು ಅದನ್ನು ನೋಡಿದಳೋ ಇಲ್ಲವೋ, ತಲೆ ಬಗ್ಗಿಸಿದ್ದ ಅವನಿಗೆ ತಿಳಿಯಲಿಲ್ಲ.

"ಒಂದು ಕೇಳಲೇನ್ರಿ?"

"ಕೇಳು."

"ಖಬರಿಲ್ಲದಾಗ ನಾ ಏನರೆ ಮಾತಾಡತೀನೇನು? ಪ್ರಣೀತಾ ಅಂತಿದ್ದಳು, ಕೆಲವರು ಏನೇನೋ ಹುಚ್ಚುಚ್ಚಾರ ಅಂತಾರಂತ. ಬೈತಾರಂತ. ನಿಮಗ ಏನರೆ ಅಂದೇನೇನು? ಖರೇ ಹೇಳ್ರಿ, ಸಿಟ್ಟಾಗೂದಿಲ್ಲ."

ಕೊನೆಯ ಮಾತು ಬರುವಷ್ಟರಲ್ಲಿ ದನಿ ಒಡೆಯಿತು. ಅವಳು ಬಾಯಿ ಮುಚ್ಚಿ, ಕೈ ಎತ್ತಿ, ತಡೀರಿ ಎಂಬಂತೆ ಸನ್ನೆ ಮಾಡಿದಳು. ಅರ್ಧ ನಿಮಿಷ ಇಬ್ಬರೂ ಸುಮ್ಮನೆ ಕೂತರು. ಇಂಥ ಅರ್ಧ ನಿಮಿಷಗಳು ಈ ವರ್ಷವೆಲ್ಲ ಅವರ ನಡುವೆ ಎಷ್ಟೋ ಬಂದು ಹೋಗಿದ್ದವು, ಅವುಗಳಲ್ಲಿ ಅವನಿಗೆ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ಅವಳ ಗಂಟಲಿನ ಓಢಣಿಯ ಮಡಿಕೆ ಸಣ್ಣಗೆ ಮಿಡಿಯುತ್ತಿರುವುದು ಕಾಣುತ್ತಿತ್ತು. ಅಲೆಮಾರಿ ನರ ಈಗ ಎಲ್ಲೆಲ್ಲಿ ಹಾಯುತ್ತಿದೆಯೋ. ಬೇವಿನ ಎಲೆಯೊಂದು ಅವಳ ಹೆಗಲ ಮೇಲೆ ಬಿತ್ತು, ತೆಗೆದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಕೆಟ್ಟದ್ದಿದ್ದರೂ ಕೇಳಿಸಿಕೊಳ್ಳುವ ತಯಾರಿಯಲ್ಲಿ, ಹುಬ್ಬು ತುಸು ಮೇಲೆತ್ತಿಕೊಂಡು.

"ಏನೂ ಇಲ್ಲ," ಎಂದ. "ಸುಮ್ನ ಮಲಗತೀ."

"ಹಂಗಾದ್ರ ಚಲೋ ಆತು," ಎಂದಳು ಅವಳು. ದನಿ ಮರಳಿ ಬಂದಿತ್ತು, ಮೊದಲಿನಷ್ಟೇ ತೆಳುವಾಗಿ. "ಅಕ್ಕಗ ಫೋನ್ ಹಚ್ಚಿ ಕೊಡ್ರಿ. ಬೇಗ. ಇನ್ನೊಮ್ಮೆ ಬರೂದರೊಳಗ ಒಂದೀಟು ಮಾತಾಡತೀನಿ."

ಅವನು ನಂಬರು ಒತ್ತಿ ಕೊಟ್ಟ. ಆಚೆ ಕೃಷ್ಣಾಬಾಯಿ ಮೊದಲ ಮಾತಿಗೇ ತಂಗಿಯ ದನಿ ಗುರುತು ಹಿಡಿದರು. ಕರೆಂಟು ಏರಿಸಲಿಲ್ಲವೆಂದೂ, ಎಲ್ಲ ಇವರ ದೆಸೆಯಿಂದ ಆಯಿತೆಂದೂ, ಇವರ ಮರಾಠಿ ಕೇಳಿ ಡಾಕ್ಟರು ನಕ್ಕರೆಂದೂ ವರದಾ ನಗುನಗುತ್ತ ಹೇಳುತ್ತಿದ್ದಳು. ಇವರು, ಇವರು ಎನ್ನುವಾಗಲೆಲ್ಲ ಅವಳ ಕೈ ಅವನ ಮೊಣಕಾಲನ್ನು ಮುಟ್ಟಿ ಬರುತ್ತಿತ್ತು. ಪ್ರಲ್ಹಾದ ಪಕ್ಕದಲ್ಲಿ ಕೂತು ಕೇಳಿದ. ಅವಳು ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳೆಂದು, ಆ ಕರೆಗಾಗಿಯೇ ತಾನು ಒಮ್ಮೆ ತಡ ಮಾಡಿದೆನೆಂದು, ಅವನು ಅವಳಿಗೆ ಎಂದೂ ಹೇಳಲಿಲ್ಲ.